ಹುಳಿಕಾಯಿ ಮರಕ್ಕೆ ಹುಳಿ ಮಣ್ಣು ಆಗಲ್ಲ ಕಣ್ರೀ: ಮಲೆನಾಡಲ್ಲಿ ನಿಂಬೆ, ಕಿತ್ತಳೆಗೆ ಗೊಬ್ಬರ ಹಾಕೋದು ಹೇಗೆ

ತೀರ್ಥಹಳ್ಳಿ ಕಡೆ ಮನೆ ಅಂದ್ಮೇಲೆ ಹಿತ್ತಲಲ್ಲಿ ಒಂದು ನಿಂಬೆನೋ ಕಂಚಿಕಾಯಿನೋ ಇರ್ಲೇಬೇಕಲ್ಲ, ನಮ್ಮನೇಲಿ ಎರಡೂ ಇದೆ, ಬ್ಯಾಣದಲ್ಲಿ (ಹುಲ್ಲು ಬಿಟ್ಟಿರೋ ಜಾಗದಲ್ಲಿ) ಹತ್ತು ಹದಿನೈದು ಕಿತ್ತಳೆನೂ ಇದೆ. ನಾಲ್ಕೈದು ವರ್ಷ ನಿಂಬೆಕಾಯಿ ಹೆಂಗೆ ಬರ್ತಿತ್ತು ಅಂದ್ರೆ ನೋಡೋಕೆ ಗುಂಡಗೆ ದೊಡ್ಡದಾಗಿ, ಕೊಯ್ದ್ರೆ ಬರೀ ಸಿಪ್ಪೆ, ಹಿಂಡಿದ್ರೆ ಅರ್ಧ ಚಮಚ ರಸ. ಅಮ್ಮ ಒಂದಿನ ಚಿತ್ರಾನ್ನಕ್ಕೆ ಆರು ಕಾಯಿ ಹಿಂಡಿ "ಇದನ್ನ ಮಕ್ಕಳಿಗೆ ಆಡೋಕೆ ಕೊಡು ಮಾರಾಯ" ಅಂದ್ರು. ನಾನು ಏನ್ ಮಾಡ್ದೆ, ಗೊಬ್ಬರ ಸಾಲ್ತಿಲ್ಲ ಅಂದ್ಕೊಂಡು ಮತ್ತೆರಡು ಬೊಗಸೆ ಯೂರಿಯಾ ಬುಡಕ್ಕೇ ಸುರಿದೆ, ಮರ ಕಡುಹಸಿರಾಗಿ ಎದ್ದು ನಿಲ್ತು, ಸಿಪ್ಪೆ ಇನ್ನೂ ದಪ್ಪ ಆಯ್ತು. ಸಾರಜನಕ ಜಾಸ್ತಿ ಆದ್ರೆ ಆಗೋದೇ ಅದು, ಎಲೆ ಬೆಳೆಯುತ್ತೆ, ಸಿಪ್ಪೆ ಬೆಳೆಯುತ್ತೆ, ಹಣ್ಣಾಗೋದು ತಡ ಆಗುತ್ತೆ. ಆಮೇಲೆ ಮಣ್ಣು ಟೆಸ್ಟ್ ಮಾಡ್ಸಿದಾಗ ಪಿಎಚ್ (ಮಣ್ಣಿನ ಹುಳಿ ಅಳೆಯೋ ಅಂಕಿ, 7ಕ್ಕಿಂತ ಕೆಳಗೆ ಹೋದಷ್ಟೂ ಹುಳಿ ಜಾಸ್ತಿ) 4.9 ಅಂತ ಬಂತು, ಆವಾಗ ತಲೆಗೆ ಹೋಯ್ತು ನಾನು ಶುರು ಮಾಡಿದ್ದೇ ತಪ್ಪು ತುದಿಯಿಂದ ಅಂತ.

ಹಾಗಾಗಿ ಮೊದಲನೇ ಕೆಲಸ ಮಣ್ಣು ಪರೀಕ್ಷೆ. ನಿಂಬೆ ಜಾತಿಗೆ ಪಿಎಚ್ ಹೆಚ್ಚು ಕಮ್ಮಿ 6ರಿಂದ 7 ಇದ್ರೆ ಖುಷಿ. ನಮ್ಮದು ಜಂಬಿಟ್ಟಿಗೆ ಮಣ್ಣು, ಮೇಲಿಂದ ಈ ಪಾಟಿ ಮಳೆ, ಸುಣ್ಣದಂಶ, ಮೆಗ್ನೀಸಿಯಂ, ಪೊಟ್ಯಾಶ್, ಬೋರಾನ್ ಎಲ್ಲ ವರ್ಷವರ್ಷ ತೊಳ್ಕೊಂಡು ಹೊಳೆ ಸೇರಿ ಮಣ್ಣು ಹುಳಿ ಆಗಿ ಕೂತಿರುತ್ತೆ. ಹುಳಿ ಮಣ್ಣಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಎರಡೂ ಸೇರಿ ರಂಜಕನ ಹಿಡ್ಕೊಂಡು ಬಿಡುತ್ವೆ, ಬೇರಿಗೆ ಸಿಗಲ್ಲ, ಅಲ್ಯೂಮಿನಿಯಂ ಅಂತೂ ಎಳೇ ಬೇರನ್ನೇ ಮೊಂಡು ಮಾಡುತ್ತೆ. ಮಣ್ಣು ತೆಗೆಯೋವಾಗ ಮರದ ಬುಡದಿಂದ ತೆಗೀಬೇಡಿ, ಕೊಂಬೆ ತುದಿಯ ನೇರಕ್ಕೆ ಕೆಳಗೆ, ಮೇಲಿನ ದರಕು (ಒಣಗಿದ ಎಲೆ) ಸರಿಸಿ, ಒಂದಡಿ ಆಳದವರೆಗೆ ಕೆರೆದು ತೆಗೀರಿ. ಹಂಗೇ ಐದಾರು ಮರದ್ದು ಕಲಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಕೊಟ್ರೆ ಸಾಕು. ಗೊಬ್ಬರ ಹಾಕಿ ತಿಂಗಳೂ ಆಗದೆ ಇರೋ ಮಣ್ಣು ಕೊಡಬೇಡಿ, ರಿಪೋರ್ಟ್ ಸುಳ್ಳು ಹೇಳುತ್ತೆ. ಶಿವಮೊಗ್ಗದ ನವುಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಇಲ್ಲಾಂದ್ರೆ ನಿಮ್ಮ ಹೋಬಳಿ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದ್ರೂ ಎಲ್ಲಿ ಕೊಡ್ಬೇಕು ಅಂತ ಹೇಳ್ತಾರೆ.

ಎರಡನೇದು ಸುಣ್ಣ. ಎಷ್ಟು ಅನ್ನೋದನ್ನ ರಿಪೋರ್ಟ್ ನೋಡಿಯೇ ಹಾಕ್ಬೇಕು, ಪಕ್ಕದ ಮನೆಯವರು ಹಾಕಿದಷ್ಟು ಅಲ್ಲ. ನಮಗೆ ಮರಕ್ಕೆ ಒಂದು ಕೆಜಿ ಅಂತ ಬರೆದುಕೊಟ್ಟಿದ್ರು. ನನ್ನ ಕೇಳಿದ್ರೆ ಬರೀ ಸುಣ್ಣಕ್ಕಿಂತ ಡೋಲೊಮೈಟ್ ವಾಸಿ, ಅದರಲ್ಲಿ ಮೆಗ್ನೀಸಿಯಂ ಕೂಡ ಬರುತ್ತೆ, ಮಲೆನಾಡಲ್ಲಿ ಅದೂ ಕಮ್ಮಿನೇ. ಭರಣಿ, ಕೃತ್ತಿಕೆ ಮಳೆಗೆ (ಮೇ ತಿಂಗಳ ಹೊತ್ತಿಗೆ) ನೆಲ ಹದ ಆದಾಗ ಕೊಂಬೆ ಹರಡಿದಷ್ಟು ಜಾಗಕ್ಕೂ ಬೀರಿ ಮೇಲ್ಮೇಲೆ ಕೆದಕಿ ಮಣ್ಣಿಗೆ ಸೇರಿಸಿ. ಸುಣ್ಣನೂ ಯೂರಿಯಾನೂ ಒಟ್ಟಿಗೆ ಹಾಕೋದು ಮಾತ್ರ ಬೇಡ, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ, ನಡುವೆ ಒಂದು ತಿಂಗಳು ಬಿಡಿ.

ಮೂರನೇದು ಮುಖ್ಯ ಗೊಬ್ಬರ, ಇಲ್ಲಿ ಲೆಕ್ಕ ಸ್ವಲ್ಪ ಕಲಿತ್ಕೊಂಡ್ರೆ ಅಂಗಡಿಯವರು ಹೇಳಿದ್ದೆಲ್ಲ ತರೋದು ತಪ್ಪುತ್ತೆ. ಫಲ ಕೊಡೋ ಮರಕ್ಕೆ ವರ್ಷಕ್ಕೆ 400 ಗ್ರಾಂ ಸಾರಜನಕ, 200 ಗ್ರಾಂ ರಂಜಕ, 400 ಗ್ರಾಂ ಪೊಟ್ಯಾಶ್ ಕೊಡಿ ಅಂತ ಬರೆದುಕೊಟ್ರು ಅಂದ್ಕೊಳ್ಳಿ. ಅದು ಗೊಬ್ಬರದ ತೂಕ ಅಲ್ಲ, ಒಳಗಿನ ಸತ್ವದ ತೂಕ. ಯೂರಿಯಾದಲ್ಲಿ ಸಾರಜನಕ ಇರೋದು ನೂರಕ್ಕೆ 46, ಅಂದ್ರೆ ಯೂರಿಯಾ ಸುಮಾರು 870 ಗ್ರಾಂ. ಮ್ಯೂರಿಯೇಟ್ ಆಫ್ ಪೊಟ್ಯಾಶ್‌ನಲ್ಲಿ ನೂರಕ್ಕೆ 60, ಹಾಗಾಗಿ 670 ಗ್ರಾಂ. ರಂಜಕಕ್ಕೆ ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) ಹಿಂದೆ ಓಡ್ಬೇಡಿ, ನಮ್ಮ ಹುಳಿ ಮಣ್ಣಲ್ಲಿ ರಾಕ್ ಫಾಸ್ಫೇಟ್ (ರಂಜಕ ಇರೋ ಕಲ್ಲಿನ ಪುಡಿ) ಮೆಲ್ಲಮೆಲ್ಲಗೆ ಕರಗುತ್ತೆ, ರೇಟೂ ಕಮ್ಮಿ. ಮಣ್ಣಿನ ಹುಳಿ ನಮಗೆ ಉಪಕಾರ ಮಾಡೋದು ಇದೊಂದೇ ಜಾಗದಲ್ಲಿ ಅನ್ಸುತ್ತೆ. ಅದನ್ನ 20 ಕೆಜಿ ಕೊಟ್ಟಿಗೆ ಗೊಬ್ಬರದ ಜೊತೆ ಕಲಸಿ ವರ್ಷಕ್ಕೊಂದೇ ಸಲ ಹಾಕಿ.

ಯೂರಿಯಾ, ಪೊಟ್ಯಾಶ್ ಮಾತ್ರ ಒಂದೇ ಸಲ ಹಾಕೋ ಹಂಗಿಲ್ಲ. ರೋಹಿಣಿ ಕೊನೆ, ಮೃಗಶಿರದ ಶುರುವಲ್ಲಿ (ಜೂನ್ ಮೊದಲಿಗೆ) ಒಂದು ಭಾಗ, ಉತ್ತರೆ ಹಸ್ತದ ಹೊತ್ತಿಗೆ (ಸೆಪ್ಟೆಂಬರ್ ಕೊನೆಗೆ) ಮಳೆ ಇಳಿದ್ಮೇಲೆ ಇನ್ನೊಂದು, ನೀರು ಇದ್ದವರು ಹೂ ಬಿಟ್ಟು ಮಿಡಿ ಕಟ್ಟೋವಾಗ ಮೂರನೇದು. ಆರಿದ್ರೆಯಿಂದ ಆಶ್ಲೇಷದವರೆಗೆ (ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ) ಕೈಕಟ್ಟಿ ಕೂರಿ, ಆ ಹೊಡೆತಕ್ಕೆ ಸಿಕ್ಕಿದ ಯೂರಿಯಾ ಮರಕ್ಕಲ್ಲ, ತುಂಗೆಗೆ. ಪೊಟ್ಯಾಶ್ ಕಮ್ಮಿ ಆದ್ರೆ ಕಾಯಿ ಸಣ್ಣದಾಗಿ, ಸಿಪ್ಪೆ ತೆಳುವಾಗಿ ಬಿರಿಯುತ್ತೆ, ಹಾಗಂತ ಜಾಸ್ತಿ ಸುರಿದ್ರೆ ಸಿಪ್ಪೆ ಒರಟಾಗುತ್ತೆ. ಕಾಯಿ ಬಿರಿಯೋಕೆ ಇನ್ನೊಂದು ಕಾರಣ ನೆಲ ಒಣಗಿ ಕೂತಿದ್ದು ಒಮ್ಮೆಲೇ ನೀರು ಕುಡಿಯೋದು, ಅದಕ್ಕೆ ಗೊಬ್ಬರ ಮದ್ದಲ್ಲ, ಬೇಸಿಗೇಲಿ ಸೊಪ್ಪು ದರಕು ಮುಚ್ಚಿಗೆ ಹಾಕಿ.

ಹಾಕೋ ಜಾಗ ಎಲ್ಲಿ ಅಂದ್ರೆ, ಉಣ್ಣೋ ಬೇರು ಇರೋದು ಕೊಂಬೆ ತುದಿಯ ಕೆಳಗೆ, ಮೇಲಿನ ಅಡಿಯೊಳಗೆ. ಅಲ್ಲಿ ಸುತ್ತ ಒಂದು ಗೇಣು ಅಗಲಕ್ಕೆ ತೆಳ್ಳಗೆ ಕೆರೆದು ಹಾಕಿ ಮುಚ್ಚಿ. ಇಳಿಜಾರಲ್ಲಿ ಮರ ಇದ್ರೆ ಮೇಲ್ಬದಿಗೆ ಅರ್ಧಚಂದ್ರ ತೆಗೆದು ಹಾಕಿದ್ರೆ ಸಾಕು, ನೀರೇ ಕೆಳಗೆ ತರುತ್ತೆ. ಕಾಂಡಕ್ಕೆ ತಾಗೋ ಹಾಗೆ ಗೊಬ್ಬರ, ಸಗಣಿ ರಾಶಿ ಹಾಕೋದು ನಮ್ಮೂರಲ್ಲಿ ಎಲ್ಲರೂ ಮಾಡೋ ತಪ್ಪು, ಮಳೆಗಾಲಕ್ಕೆ ಬುಡ ಕೊಳೆತು ಅಂಟು ಸೋರೋಕೆ ಶುರು ಆಗುತ್ತೆ.

ಇನ್ನು ಎಲೆ ಓದೋದು, ನನಗೆ ಇದರಲ್ಲೇ ಜಾಸ್ತಿ ಮಜಾ. ಕೊಂಬೆಯ ಹಳೇ ಎಲೆ ಒಂದು, ತುದಿಯ ಎಳೇ ಎಲೆ ಒಂದು ಕಿತ್ತು ಬೆಳಕಿಗೆ ಹಿಡೀರಿ. ಹಳೇ ಎಲೆ ಹಳದಿ ಆಗಿ ತೊಟ್ಟಿನ ಹತ್ರ ಮಾತ್ರ ಹಸಿರು ಉಳಿದು ತಲೆಕೆಳಗಾದ ಇಂಗ್ಲಿಷ್ ವಿ ಥರ ಕಂಡ್ರೆ ಮೆಗ್ನೀಸಿಯಂ ಇಲ್ಲ. ಎಳೇ ಎಲೆ ಸಣ್ಣದಾಗಿ, ಚೂಪಾಗಿ, ನರ ಹಸಿರು ನಡುವೆ ಹಳದಿ ಆಗಿದ್ರೆ ಸತು (ಜಿಂಕ್) ಇಲ್ಲ. ಬೋರಾನ್ ಕೊರತೆ ಎಲೆಗಿಂತ ಕಾಯಲ್ಲಿ ಗೊತ್ತಾಗುತ್ತೆ, ಮಿಡಿ ಉದುರುತ್ತೆ, ಉಳಿದದ್ದು ಕಲ್ಲಿನಂಗೆ ಗಟ್ಟಿ, ಚಾಕು ಹಾಕಿದ್ರೆ ಸಿಪ್ಪೆಯ ಬಿಳಿ ಭಾಗದಲ್ಲಿ ಕಂದು ಅಂಟು. ನಮ್ಮ ಕಿತ್ತಳೇಲಿ ಹೀಗೇ ಇತ್ತು, ನಾನು ಹುಳ ಬಿದ್ದಿದೆ ಅಂದ್ಕೊಂಡು ಎರಡು ವರ್ಷ ವಿಷ ಹೊಡೆದಿದ್ದೆ.

ಸತುವಿಗೆ ಸ್ಪ್ರೇ ನಮ್ಮವರಿಗೆ ಕಷ್ಟ ಅಲ್ಲ. ಅಡಿಕೆಗೆ ಕೊಳೆ ಔಷಧಿ ಬೋರ್ಡೋ ಕಲಸೋವಾಗ ಮೈಲುತುತ್ತಕ್ಕೆ (ತಾಮ್ರದ ಸಲ್ಫೇಟ್) ಸುಣ್ಣ ಸೇರಿಸ್ತೀವಲ್ಲ, ಇಲ್ಲೂ ಅದೇ ಥರ: 100 ಲೀಟರ್ ನೀರಿಗೆ 500 ಗ್ರಾಂ ಜಿಂಕ್ ಸಲ್ಫೇಟ್, 250 ಗ್ರಾಂ ಸುಣ್ಣ, ಎರಡೂ ಬೇರೆಬೇರೆ ಕರಗಿಸಿ ಸೋಸಿ ಆಮೇಲೆ ಸೇರಿಸಿ. ಸುಣ್ಣ ಹಾಕದೆ ಹೊಡೆದ್ರೆ ಎಲೆ ಸುಡುತ್ತೆ. ಹೊಸ ಚಿಗುರು ಪೂರ್ತಿ ಬಿಚ್ಚಿ ಇನ್ನೂ ಮೆತ್ತಗೆ ಇರೋವಾಗ ಬೆಳಗ್ಗೆ ಅಥವಾ ಸಂಜೆ ಹೊಡೀರಿ. ಬೋರಾಕ್ಸ್ ಬೇರೆ ದಿನ, ಲೀಟರಿಗೆ 1 ಗ್ರಾಂ, ಅಂದಾಜಲ್ಲಿ ಹಾಕ್ಲೇಬೇಡಿ, ಬೋರಾನ್ ಜಾಸ್ತಿ ಆದ್ರೆ ವಿಷ, ಎಲೆ ತುದಿ ಸುಟ್ಟು ಉದುರುತ್ತೆ. ಇಷ್ಟೆಲ್ಲ ಕಲಸೋಕೆ ಪುರುಸೊತ್ತಿಲ್ಲ ಅಂದ್ರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರದ್ದು ಅರ್ಕಾ ಸಿಟ್ರಸ್ ಸ್ಪೆಷಲ್ ಅಂತ ಪುಡಿ ಇದೆ, ಪ್ಯಾಕೆಟ್ ಮೇಲೆ ಇದ್ದಂಗೆ ಹೊಡೀರಿ. ತಾಮ್ರದ ಕೊರತೆ ಬಗ್ಗೆ ಅಡಿಕೆ ತೋಟದವರು ತಲೆ ಕೆಡಿಸ್ಕೊಳ್ಳೋದು ಬೇಡ, ಬೋರ್ಡೋ ಹನಿ ಬಿದ್ದೂ ಬಿದ್ದೂ ಅಲ್ಲಿ ಬೇಕಾದಷ್ಟಿದೆ.

ಒಂದು ಎಚ್ಚರಿಕೆ. ಸತು ಕೊರತೇಲಿ ಹಳದಿ ಮಚ್ಚೆ ನಡುನರದ ಎರಡೂ ಕಡೆ ಸಮ ಇರುತ್ತೆ. ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಇದ್ದು, ಕಾಯಿನೂ ಸೊಟ್ಟ ಆಗಿ ಕಹಿ ಬಂದ್ರೆ ಅದು ಗ್ರೀನಿಂಗ್ ರೋಗ ಇರಬಹುದು, ಸಿಲ್ಲಾ ಅನ್ನೋ ಸಣ್ಣ ಕೀಟ ಹರಡೋದು. ಅದಕ್ಕೆ ಯಾವ ಗೊಬ್ಬರನೂ ಇಲ್ಲ, ಗೊತ್ತಿದ್ದವರಿಗೆ ತೋರಿಸಿ ಖಾತ್ರಿ ಮಾಡ್ಕೊಂಡು ಮರ ಕಿತ್ತುಬಿಡಿ. ಹಂಗೇ ಕಿತ್ತಳೆ ಒಳಗೆ ಸಿಹಿ ಆಗಿದ್ರೂ ಹೊರಗೆ ಹಸಿರು ಉಳಿದಿದೆ ಅಂತ ಗೊಬ್ಬರ ಹಾಕ್ಬೇಡಿ, ಬಣ್ಣ ತಿರುಗೋಕೆ ರಾತ್ರಿ ಚಳಿ ಬೇಕು. ಅಡಿಕೆ ಮರದ ದಟ್ಟ ನೆರಳಲ್ಲಿ ನೆಟ್ಟು ಕಾಯಿ ಬಿಡಲ್ಲ ಅಂತ ಬೈಯೋರಿಗೂ ನನ್ನ ಹತ್ರ ಉತ್ತರ ಇಲ್ಲ, ಬಿಸಿಲು ಚೀಲದಲ್ಲಿ ಸಿಗಲ್ಲ.

ಸ್ಪ್ರೇ ಕೆಲಸ ಮಾಡಿದ್ದು ಮುಂದಿನ ಚಿಗುರಲ್ಲೇ ಕಾಣುತ್ತೆ, ಸುಣ್ಣದ್ದು ಮಾತ್ರ ನಿಧಾನ, ಕಾಯಲ್ಲಿ ಕಾಣೋಕೆ ನಮ್ಮಲ್ಲಿ ಎರಡು ವರ್ಷ ಹಿಡೀತು. ಹೋದ ಬೇಸಿಗೇಲಿ ಅಮ್ಮ ಚಿತ್ರಾನ್ನಕ್ಕೆ ಎರಡೇ ಕಾಯಿ ಕೇಳಿದ್ರು.