ರಜೆಯಲ್ಲಿದ್ದಾಗಿನ ಎಚ್ಚರ: ತಾಲ್ಲೂಕು ವೈದ್ಯನೊಬ್ಬನ ಅನುಭವ

ತಾಲ್ಲೂಕು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ನಾನು 17 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಅಲ್ಲಿಗೆ ಬರುವವನು ರೋಗಿಯಾಗಿಯೇ ಬರುತ್ತಾನೆ. ಜೊತೆಗೆ ನಾಲ್ಕು ಜನರ ಗಾಬರಿ, ಕೈಯಲ್ಲೊಂದು ಚೀಟಿ, ಬಾಗಿಲಲ್ಲಿ ಸ್ಟ್ರೆಚರ್ ತಳ್ಳುವ ಸದ್ದು ಇರುತ್ತವೆ. ಆಸ್ಪತ್ರೆಯ ಹೊರಗೆ ಅದೇ ಮನುಷ್ಯ ನೆಂಟನಾಗಿರುತ್ತಾನೆ, ಪಕ್ಕದ ಸೀಟಿನ ಪ್ರಯಾಣಿಕನಾಗಿರುತ್ತಾನೆ, ತನಗೆ ಏನೂ ಆಗಿಲ್ಲವೆಂದು ತಾನೇ ವಾದಿಸುತ್ತಿರುತ್ತಾನೆ. ಇದು ಪುಸ್ತಕ ಓದಿ ತಿಳಿಯುವ ಸಂಗತಿಯಲ್ಲ. ನನಗಂತೂ ಒಂದು ತಪ್ಪು ಮಾಡಿದ ಮೇಲೆಯೇ ತಿಳಿಯಿತು.

ಎಂಟು ವರ್ಷಗಳ ಹಿಂದೆ ನನ್ನ ಚಿಕ್ಕಪ್ಪನ ಮಗನ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಹಿಂದಿನ ರಾತ್ರಿ ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದರಿಂದ ಯಾರೊಂದಿಗೂ ಹೆಚ್ಚು ಮಾತನಾಡದೆ ಜಗಲಿಯ ಕುರ್ಚಿಯೊಂದರಲ್ಲಿ ಕುಳಿತಿದ್ದೆ. ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಅವನ ಮಾವ, ಐವತ್ತೆಂಟು ವರ್ಷದ, ಸಕ್ಕರೆ ಕಾಯಿಲೆಯಿದ್ದ ಮನುಷ್ಯ, ಹೋಮದ ಮುಂದಿನಿಂದ ಎದ್ದು ಬಂದು ನನ್ನ ಎದುರಿನ ಚಾಪೆಯ ಮೇಲೆ ಕುಳಿತರು. "ಗ್ಯಾಸ್ಟ್ರಿಕ್ ಕಣ್ರೀ ಡಾಕ್ಟ್ರೇ, ಬೆಳಗ್ಗೆಯಿಂದ ಏನೂ ತಿಂದಿಲ್ಲ, ಇಲ್ಲೆಲ್ಲ ಉರೀತಿದೆ" ಎಂದು ಹೊಟ್ಟೆಯ ಮೇಲ್ಭಾಗವನ್ನು ಅಂಗೈಯಿಂದ ಸವರಿ ತೋರಿಸಿದರು. ನಾನು ಕುರ್ಚಿಯಿಂದ ಏಳದೆ, "ಒಂದು ಗ್ಯಾಸ್ಟ್ರಿಕ್ ಮಾತ್ರೆ ತಗೊಳ್ಳಿ ಮಾವ, ಸ್ವಲ್ಪ ಮಲಗಿ" ಎಂದೆ. ಯಾರೋ ಜೀರಿಗೆ ಸೋಡಾ ತಂದುಕೊಟ್ಟರು. ಅವರ ಬನಿಯನ್ನಿನ ಬೆನ್ನು ಪೂರ್ತಿ ಒದ್ದೆಯಾಗಿದ್ದುದನ್ನು ನಾನು ನೋಡಿದ್ದೆ. ಹೋಮದ ಕಾವು ಎಂದು ಮನೆಯವರು ಹೇಳಿದರು, ನಾನೂ ಒಪ್ಪಿಕೊಂಡೆ.

ಮಧ್ಯಾಹ್ನ ಮೂರಕ್ಕೆ ವಾಂತಿಯಾಯಿತು. ನಾಲ್ಕಕ್ಕೆ ಇಸಿಜಿ ತೆಗೆದಾಗ ಹೃದಯದ ಕೆಳಭಾಗವನ್ನು ತೋರಿಸುವ ಎರಡು, ಮೂರು ಮತ್ತು ಎವಿಎಫ್ ಎಂಬ ಲೀಡ್‌ಗಳ ಗೆರೆಯಲ್ಲಿ ಎಸ್‌ಟಿ ಎನ್ನುವ ಭಾಗ ಮೇಲೆದ್ದು ನಿಂತಿತ್ತು. ಹೃದಯದ ಕೆಳಗೋಡೆಯ ಆಘಾತ. ಆ ಕೆಳಗೋಡೆ ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯ ಮೇಲೆಯೇ ಕುಳಿತಿರುವುದರಿಂದ ಅದರ ನೋವು ಎದೆಯಲ್ಲಿ ಕಾಣಿಸದೆ ಹೊಟ್ಟೆಯ ಉರಿಯಾಗಿ, ಓಕರಿಕೆಯಾಗಿ ಕಾಣಿಸುವುದುಂಟು, ಸಕ್ಕರೆ ಕಾಯಿಲೆ ಇದ್ದವರಲ್ಲಿ ನರಗಳು ಮಂಕಾಗಿ ನೋವೇ ಇಲ್ಲದಿರುವುದೂ ಉಂಟು ಎಂಬುದನ್ನು ನಾನು ಹೌಸ್ ಸರ್ಜನ್‌ಗಳಿಗೆ ಎಷ್ಟು ಸಲ ಪಾಠ ಮಾಡಿದ್ದೆನೋ ಲೆಕ್ಕವಿಲ್ಲ. ಆಸ್ಪತ್ರೆಯಲ್ಲಿ ಇಂಥ ರೋಗಿ ಬಂದಿದ್ದರೆ ಹತ್ತು ನಿಮಿಷದೊಳಗೆ ಇಸಿಜಿ ತೆಗೆದು, 300 ಮಿಲಿಗ್ರಾಂ ಆಸ್ಪಿರಿನ್ ಅಗಿಸಿರುತ್ತಿದ್ದೆ. ಆ ಮನೆಯಿಂದ ಆಸ್ಪತ್ರೆಗೆ ಇದ್ದದ್ದು ನಾಲ್ಕೇ ಕಿಲೋಮೀಟರ್. ಅವರು ಬದುಕಿದರು, ಆದರೆ ಆರು ಗಂಟೆ ರಕ್ತ ಸಿಗದ ಆ ಭಾಗ ಮತ್ತೆ ಚೇತರಿಸಿಕೊಳ್ಳಲಿಲ್ಲ. ಇಂದಿಗೂ ಅವರು ಮಹಡಿ ಹತ್ತುವಾಗ ನಡುವೆ ಒಂದು ಸಲ ನಿಲ್ಲುತ್ತಾರೆ.

ಅಂದಿನಿಂದ ಕುಳಿತಲ್ಲಿಂದ ಸಲಹೆ ಕೊಡುವುದನ್ನು ಬಿಟ್ಟೆ. ಯಾರಾದರೂ ತೊಂದರೆ ಹೇಳಿಕೊಂಡರೆ ಎದ್ದು ಹೋಗಿ, ಪಕ್ಕದಲ್ಲಿ ಕುಳಿತು, ಅವರ ಕೈಯನ್ನು ಹಿಡಿದುಕೊಳ್ಳುತ್ತೇನೆ. ನಮ್ಮ ಕಡೆ ಹಿರಿಯರ ಕೈ ಹಿಡಿದು ಮಾತನಾಡಿಸುವುದು ಸಹಜವಾದ್ದರಿಂದ ಯಾರಿಗೂ ಅದು ತಪಾಸಣೆ ಎನಿಸುವುದಿಲ್ಲ. ಅಷ್ಟರಲ್ಲಿ ಅಂಗೈ ತಣ್ಣಗಿದೆಯೇ, ಬೆವರಿದೆಯೇ, ನಾಡಿ ಎಷ್ಟು ಓಡುತ್ತಿದೆ, ಲಯ ತಪ್ಪುತ್ತಿದೆಯೇ ಎಂಬುದು ಬೆರಳಿಗೆ ತಿಳಿಯುತ್ತದೆ. "ಯಾವ ಬಸ್ಸಿಗೆ ಬಂದಿರಿ?" ಎಂದು ಕೇಳಿದರೆ ಒಂದು ಉಸಿರಿನಲ್ಲಿ ವಾಕ್ಯ ಮುಗಿಸುತ್ತಾರೆಯೋ, ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆಯೋ, ಮಾತು ತೊದಲುತ್ತಿದೆಯೋ ಎಂಬುದೂ ಗೊತ್ತಾಗುತ್ತದೆ. ಇದಕ್ಕೆಲ್ಲ ಒಂದು ನಿಮಿಷವೂ ಬೇಡ.

ಊಟದ ಪಂಕ್ತಿಯಲ್ಲಿ ನನ್ನ ಗಮನ ಮೌನದ ಕಡೆಗೆ ಇರುತ್ತದೆ. ನೆತ್ತಿಗೆ ಹತ್ತಿ ಜೋರಾಗಿ ಕೆಮ್ಮುತ್ತಿರುವವರ ಸುತ್ತ ಎಲ್ಲರೂ ಸೇರಿ ತಲೆ ತಟ್ಟಿ ನೀರು ಕೊಡುತ್ತಾರೆ. ಆದರೆ ಕೆಮ್ಮಲು ಆಗುತ್ತಿದೆ ಎಂದರೆ ಗಾಳಿ ಆಡುತ್ತಿದೆ ಎಂದೇ ಅರ್ಥ. ಭಯ ಪಡಬೇಕಾದದ್ದು ಸದ್ದಿಲ್ಲದೆ ಎಲೆ ಬಿಟ್ಟೆದ್ದು, ಕತ್ತು ಹಿಡಿದುಕೊಂಡು, ನಾಚಿಕೆಯಿಂದ ಕೈ ತೊಳೆಯುವ ಕಡೆಗೆ ನಡೆದವರ ಬಗ್ಗೆ. ಅಂಥವರ ಹಿಂದೆ ನಾನೂ ಎದ್ದು ಹೋಗುತ್ತೇನೆ. ಮಾತು ಹೊರಡದಿದ್ದರೆ ಮುಂದಕ್ಕೆ ಬಾಗಿಸಿ ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ಹೊಡೆಯುವುದು, ಅದಕ್ಕೂ ಹೋಗದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತುವುದು. ಇಷ್ಟು ವರ್ಷಗಳಲ್ಲಿ ಇದನ್ನು ಮಾಡಬೇಕಾಗಿ ಬಂದದ್ದು ಎರಡು ಸಲ. ಸುಮ್ಮನೆ ಎದ್ದು ಹೋಗಿ ಪೆದ್ದನಂತೆ ವಾಪಸ್ ಬಂದು ಕುಳಿತದ್ದು ಅದಕ್ಕಿಂತ ಎಷ್ಟೋ ಹೆಚ್ಚು.

ಅರಸೀಕೆರೆಯ ಬಸ್ ನಿಲ್ದಾಣದಲ್ಲಿ ನಡೆದ ಘಟನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಊರಿಗೆ ಹೊರಟವನು ಬಸ್ಸಿಗೆ ಕಾಯುತ್ತಿದ್ದಾಗ ಬೇಕರಿಯ ಮುಂದೆ ಜನ ಗುಂಪುಗೂಡಿದರು. ಐವತ್ತರ ಆಸುಪಾಸಿನ ಒಬ್ಬರು ಅಂಗಾತ ಬಿದ್ದಿದ್ದರು. ಮೂರ್ಛೆ ರೋಗವೆಂದು ಯಾರೋ ಅವರ ಮುಷ್ಟಿಯಲ್ಲಿ ಬೀಗದ ಕೈ ಗೊಂಚಲು ಇಟ್ಟಿದ್ದರು, ಇನ್ನೊಬ್ಬರು ಬಾಟಲಿಯಿಂದ ಬಾಯಿಗೆ ನೀರು ಹನಿಸುತ್ತಿದ್ದರು. "ಉಸಿರಾಡ್ತಿದ್ದಾರೆ ಸಾರ್, ಏನೂ ಆಗಿಲ್ಲ" ಎಂದರು ಪಕ್ಕದಲ್ಲಿದ್ದವರು. ಅವರು ಹೇಳುತ್ತಿದ್ದ ಉಸಿರು ಏಳೆಂಟು ಸೆಕೆಂಡಿಗೊಮ್ಮೆ ಬಾಯಿ ತೆರೆದು ಗೊರಕೆಯಂತೆ ಎಳೆಯುವ ಉಸಿರಾಗಿತ್ತು. ಅದು ಹೃದಯ ನಿಂತ ಮೇಲೆ ಮಿದುಳಿನ ಬುಡದಿಂದ ಹೊರಡುವ ಕಡೆಯ ಎಳೆತ. ಅದನ್ನು ಉಸಿರಾಟವೆಂದು ನಂಬಿ ಕೈಕಟ್ಟಿ ನಿಲ್ಲುವುದರಿಂದಲೇ ನಮ್ಮಲ್ಲಿ ಅಮೂಲ್ಯವಾದ ನಿಮಿಷಗಳು ಹೋಗುತ್ತವೆ. ಕತ್ತಿನ ನಾಡಿ ಸಿಗಲಿಲ್ಲ. ಗುಂಪಿಗೆ ಒಟ್ಟಾಗಿ ಹೇಳಿದರೆ ಯಾರೂ ಕದಲುವುದಿಲ್ಲವೆಂದು ಗೊತ್ತಿದ್ದರಿಂದ ಒಬ್ಬರನ್ನು ನೋಡಿ, "ನೀಲಿ ಶರ್ಟಿನವರೇ, ನೀವು 108ಕ್ಕೆ ಫೋನ್ ಮಾಡಿ, ಬೇಕರಿಯ ಹೆಸರು ಹೇಳಿ" ಎಂದೆ; ಬಸ್ಸಿನ ಕಂಡಕ್ಟರರಿಗೆ ಆಂಬುಲೆನ್ಸ್ ಬರುವ ದಾರಿ ಬಿಡಿಸುವ ಕೆಲಸ ಒಪ್ಪಿಸಿದೆ.

ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಐದಾರು ಸೆಂಟಿಮೀಟರ್ ಕೆಳಗಿಳಿಯುವಂತೆ ಒತ್ತುವುದು ಆಸ್ಪತ್ರೆಯ ಮಂಚದ ಪಕ್ಕದಲ್ಲಿ ನಿಂತು ಮಾಡುವಂತಲ್ಲ. ಕಲ್ಲು ಹಾಸಿನ ಮೇಲೆ ಮಂಡಿಯೂರಿ ಎರಡು ನಿಮಿಷವಾಗುವಷ್ಟರಲ್ಲಿ ನನ್ನ ಒತ್ತಡ ಸಡಿಲವಾಗುತ್ತಿರುವುದು ನನಗೇ ತಿಳಿಯಿತು. ಎದುರಿಗೆ ನಿಂತು ನೋಡುತ್ತಿದ್ದ ಕಾಲೇಜು ಹುಡುಗನನ್ನು ಕರೆದು, ಕೈ ಎಲ್ಲಿಡಬೇಕು, ಮೊಣಕೈ ಮಡಿಸಬಾರದು ಎಂದಷ್ಟೇ ಹೇಳಿ ಕೂರಿಸಿದೆ. ನನಗಿಂತ ಚೆನ್ನಾಗಿ ಒತ್ತಿದ. ಹೀಗೆ ಎರಡೆರಡು ನಿಮಿಷಕ್ಕೆ ಬದಲಾಯಿಸಿಕೊಳ್ಳುತ್ತಿದ್ದಾಗ ಬಿದ್ದವರ ಜೇಬಿನಲ್ಲಿದ್ದ ಫೋನು ಎರಡು ಸಲ ಹೊಡೆದುಕೊಂಡು ನಿಂತಿತು. ಮೂರನೆಯ ಸಲ ಕಂಡಕ್ಟರರು ತೆಗೆದು ಮಾತನಾಡಿದರು. ವಿಮಾನ ನಿಲ್ದಾಣಗಳಲ್ಲಿ ಗೋಡೆಗೆ ತೂಗುಹಾಕಿರುವಂಥ ವಿದ್ಯುತ್ ಆಘಾತದ ಯಂತ್ರ ಅಲ್ಲಿರಲಿಲ್ಲ, ಅದಿಲ್ಲದೆ ನಿಮಿಷ ಕಳೆದಂತೆಲ್ಲ ಬದುಕುವ ಅವಕಾಶ ಕುಸಿಯುತ್ತದೆ. ಆಂಬುಲೆನ್ಸ್ ಬರಲು ಹದಿನೆಂಟು ನಿಮಿಷವಾಯಿತು. ಅವರು ಉಳಿಯಲಿಲ್ಲ.

ಪೊಲೀಸರು ಬಂದಾಗ ನೀಲಿ ಶರ್ಟಿನವರು ಕಾಣಲಿಲ್ಲ, ಹುಡುಗನೂ ಹಿಂದೆ ಸರಿದಿದ್ದ. ಕೋರ್ಟು ಕಚೇರಿ ಅಲೆಯಬೇಕಾದೀತು ಎಂಬ ಹಳೆಯ ಹೆದರಿಕೆ. ಗಾಯಾಳುವಿಗೆ ಚಿಕಿತ್ಸೆ ಮೊದಲು, ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟ್ ವೈದ್ಯರಿಗೆ ಹೇಳಿದ್ದು 1989ರಲ್ಲಿ. ನೆರವಿಗೆ ಬಂದ ಸಾಮಾನ್ಯ ಜನರನ್ನು ಕಾಪಾಡಲು ಕರ್ನಾಟಕವೇ 2016ರಲ್ಲಿ ಪ್ರತ್ಯೇಕ ಶಾಸನ ರೂಪಿಸಿತು, ರಸ್ತೆ ಅಪಘಾತಗಳ ಮಟ್ಟಿಗೆ 2019ರ ಮೋಟಾರು ವಾಹನ ತಿದ್ದುಪಡಿಯೂ ಆ ರಕ್ಷಣೆ ಕೊಟ್ಟಿದೆ. ನನ್ನ ಹೆಸರು, ನೋಂದಣಿ ಸಂಖ್ಯೆ ನಾನೇ ಬರೆಸಿದೆ. ಆಮೇಲೆ ಒಂದು ಫೋನೂ ಬರಲಿಲ್ಲ.

ಕಾರಿನಲ್ಲಿಡುವ ಚೀಲದ ಬಗ್ಗೆ ಕಿರಿಯರು ಕೇಳುತ್ತಾರೆ. ಮೊದಲ ವರ್ಷಗಳಲ್ಲಿ ಹೊಲಿಗೆಯ ಸಾಮಾನು, ಗಂಟಲಿಗೆ ಕೊಳವೆ ಹಾಕುವ ಉಪಕರಣ ಎಲ್ಲವನ್ನೂ ತುಂಬಿಕೊಂಡು ತಿರುಗುತ್ತಿದ್ದೆ. ಒಂದನ್ನೂ ಬಳಸಲಿಲ್ಲ, ಬೇಸಿಗೆಯಲ್ಲಿ ಡಿಕ್ಕಿಯ ಕಾವಿಗೆ ಔಷಧಗಳು ಕೆಟ್ಟವು. ಈಗಿರುವುದು ಕೈಗವಸು, ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಮುಖವಾಡ, ಟಾರ್ಚು, ಬಟ್ಟೆ ಕತ್ತರಿಸುವ ಕತ್ತರಿ, ದೊಡ್ಡ ಗಾಜ್ ಬಟ್ಟೆ, ಆಸ್ಪಿರಿನ್, ಸಕ್ಕರೆ ಪೊಟ್ಟಣ. ಆಡ್ರಿನಲಿನ್ ಮತ್ತು ಸಕ್ಕರೆ ಪರೀಕ್ಷೆಯ ಪಟ್ಟಿಗಳನ್ನು ಕಾರಿನಲ್ಲಿ ಬಿಡದೆ ಹೆಗಲ ಚೀಲದಲ್ಲಿ ನನ್ನೊಂದಿಗೇ ಒಯ್ಯುತ್ತೇನೆ. ಚೀಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿರುವುದು ಒಂದು ಕಾಗದ: ಸುತ್ತಲಿನ ಯಾವ ಆಸ್ಪತ್ರೆಯಲ್ಲಿ ರಾತ್ರಿ ಸ್ಕ್ಯಾನ್ ನಡೆಯುತ್ತದೆ, ಎಲ್ಲಿ ವೆಂಟಿಲೇಟರ್ ಇದೆ, ಎಲ್ಲಿ ಹಾವಿನ ಪ್ರತಿವಿಷ ಇದೆ ಎಂದು ಬರೆದುಕೊಂಡದ್ದು.

ಆ ಕಾಗದದ ಬೆಲೆ ಗೊತ್ತಾದದ್ದು ಒಂದು ಮಳೆಗಾಲದ ಬೆಳಗಿನ ಜಾವ. ನಾಲ್ಕು ಗಂಟೆಗೆ ಹಿಂದಿನ ಬೀದಿಯವರು ಹತ್ತು ವರ್ಷದ ಮಗನನ್ನು ಎತ್ತಿಕೊಂಡು ಬಂದು ಬಾಗಿಲು ಬಡಿದರು. ಹೊಟ್ಟೆನೋವು, ರಾತ್ರಿಯ ಊಟ ಸೇರಲಿಲ್ಲವೇನೋ ಎಂದರು. ಎಲ್ಲಿ ಮಲಗಿದ್ದ ಎಂದು ಕೇಳಿದೆ. ನೆಲದ ಮೇಲೆ. ಟ್ಯೂಬ್‌ಲೈಟ್ ನೋಡು ಮಗಾ ಎಂದರೆ ಹುಡುಗ ಹುಬ್ಬು ಏರಿಸಿದ, ರೆಪ್ಪೆ ಮೇಲೇಳಲಿಲ್ಲ. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುವ ಕಟ್ಟುಹಾವಿನ ವಿಷ ಹೀಗೆಯೇ ಮೊದಲು ರೆಪ್ಪೆಗಳನ್ನು ಇಳಿಸುತ್ತದೆ; ಅದರ ಕಡಿತಕ್ಕೆ ಎಷ್ಟೋ ಸಲ ನೋವೂ ಇರುವುದಿಲ್ಲ, ಗುರುತೂ ಕಾಣುವುದಿಲ್ಲ. ನಮ್ಮ ಆಸ್ಪತ್ರೆಗೆ ಫೋನ್ ಮಾಡಿ ಹತ್ತು ಸೀಸೆ ಪ್ರತಿವಿಷ ಸಿದ್ಧಮಾಡಿಸಿ, ಹುಡುಗನನ್ನು ಮಗ್ಗುಲಾಗಿ ಮಲಗಿಸಿ ದವಡೆ ಎತ್ತಿ ಹಿಡಿದುಕೊಂಡು ಹೋದೆವು. ಪ್ರತಿವಿಷ ಶುರುವಾದ ಮೇಲೆ ವೆಂಟಿಲೇಟರ್ ಇದ್ದ ಕಡೆಗೆ ಕಳುಹಿಸಿದೆವು. ಆರು ದಿನ ಯಂತ್ರದ ಉಸಿರಿನಲ್ಲಿದ್ದು ನಡೆದುಕೊಂಡು ಮನೆಗೆ ಬಂದ.

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳಬೇಕು: ಯಾವಾಗಲೂ ಎಚ್ಚರವಾಗಿರಲು ನನಗೆ ಸಾಧ್ಯವಿಲ್ಲ, ಹಾಗಿರಲು ಹೋಗಿ ಎರಡು ವರ್ಷ ನಿದ್ರೆ ಕಳೆದುಕೊಂಡಿದ್ದೇನೆ. ರಾತ್ರಿ ಡ್ಯೂಟಿಯ ಮರುದಿನ ಕಾರು ಓಡಿಸುವುದಿಲ್ಲ. ಒಂದು ಗುಟುಕು ಕುಡಿದಿದ್ದರೂ ಸೂಜಿ ಮುಟ್ಟುವುದಿಲ್ಲ, 108ಕ್ಕೆ ಫೋನ್ ಮಾಡುವುದು ಮತ್ತು ಎದೆ ಒತ್ತುವುದಷ್ಟೇ ನನ್ನ ಪಾಲಿನ ಕೆಲಸ. ಮದುವೆಮನೆಯಲ್ಲಿ ಮಂಡಿಯ ಎಕ್ಸ್-ರೇ ತಂದು ತೋರಿಸುವವರಿಗೆ ಸೋಮವಾರ ಬನ್ನಿ ಎನ್ನುವುದನ್ನು ನನ್ನ ಹೆಂಡತಿಯಿಂದ ಕಲಿತಿದ್ದೇನೆ. ತುರ್ತಲ್ಲದ್ದಕ್ಕೆ ಇಲ್ಲವೆನ್ನದ ಹೊರತು ತುರ್ತಿನದಕ್ಕೆ ಗಮನ ಉಳಿಯುವುದಿಲ್ಲ.

ಕಳೆದ ವರ್ಷ ಒಂದು ನಾಮಕರಣದಲ್ಲಿ ದೂರದ ಸಂಬಂಧಿಯೊಬ್ಬರು ಗ್ಯಾಸ್ಟ್ರಿಕ್ ಎಂದು ಎದೆ ನೀವಿಕೊಳ್ಳುತ್ತಿದ್ದರು. ಕೈ ಹಿಡಿದೆ, ಬೆವರಿರಲಿಲ್ಲ, ನಾಡಿಯೂ ಸರಿಯಿತ್ತು. ಆದರೂ ಸಕ್ಕರೆ ಕಾಯಿಲೆ ಇತ್ತು. ಬೇಡವೆಂದರೂ ಕೇಳದೆ ಕರೆದೊಯ್ದು ಇಸಿಜಿ ತೆಗೆಸಿ, ಗಂಟೆ ಬಿಟ್ಟು ಮತ್ತೊಂದು ತೆಗೆಸಿ, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ರಕ್ತದ ಟ್ರೋಪೋನಿನ್ ಪರೀಕ್ಷೆಯನ್ನೂ ಮಾಡಿಸಿದೆ. ಎಲ್ಲವೂ ಸರಿಯಾಗಿದ್ದವು, ಅದು ನಿಜವಾಗಿಯೂ ಗ್ಯಾಸ್ಟ್ರಿಕ್ಕೇ ಆಗಿತ್ತು. ವಾಪಸ್ ಬರುವಷ್ಟರಲ್ಲಿ ಕೊನೆಯ ಪಂಕ್ತಿಯೂ ಎದ್ದು, ಹೋಳಿಗೆ ಮುಗಿದಿತ್ತು. ಸಿಕ್ಕಾಗಲೆಲ್ಲ ಅವರು ಈಗಲೂ ಆ ಹೋಳಿಗೆಯ ಲೆಕ್ಕ ಕೇಳುತ್ತಾರೆ.