ಸಿನಿಮಾ ಹಬ್ಬಕ್ಕೆ ಬಂದವರು ಬೆಂಗಳೂರನ್ನೂ ನೋಡಿ ಹೋಗುವುದು ಹೇಗೆ

ಮೊದಲ ಸಲ ಹುಬ್ಬಳ್ಳಿಯಿಂದ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಬಂದಾಗ ನಾನು ದಿನಕ್ಕೆ ಐದು ಸಿನಿಮಾ ನೋಡಿದೆ. ಊರಿಗೆ ಮರಳಿದ ಮೇಲೆ ಅವ್ವ 'ಬೆಂಗಳೂರು ಹೆಂಗಿತ್ತು?' ಅಂದಳು. ಹೇಳೋಕೆ ಏನೂ ಇರಲಿಲ್ಲ, ತುಂಬಾ ಬೇಜಾರಾಯಿತು. ಆಮೇಲಿನ ವರ್ಷಗಳಲ್ಲಿ ಒಂದು ಪದ್ಧತಿ ಮಾಡಿಕೊಂಡೆ: ದಿನಕ್ಕೆ ಒಂದು ಶೋ ಬಿಡುವುದು, ಆ ಹೊತ್ತಲ್ಲಿ ಊರಿನ ಒಂದೇ ಒಂದು ತುಣುಕು ನೋಡುವುದು. ಇಡೀ ಬೆಂಗಳೂರು ನೋಡ್ತೀನಿ ಅಂತ ಹೊರಟರೆ ಟ್ರಾಫಿಕ್ ಮಾತ್ರ ನೋಡ್ತೀರಿ.

ಮೊದಲು ರೂಮು. ಚಿತ್ರೋತ್ಸವ ಹಲವು ವರ್ಷ ಒರಾಯನ್ ಮಾಲ್‌ನಲ್ಲಿ ನಡೆದಿದೆ. ಅದಕ್ಕೆ ಹತ್ತಿರದ ಮೆಟ್ರೋ ನಿಲ್ದಾಣ ಹಸಿರು ಮಾರ್ಗದ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಹೊರಡುವ ಮುನ್ನ ಈ ಸಲದ ಜಾಗ ಯಾವುದು ಅಂತ ನೋಡಿಕೊಳ್ಳಿ, ಆದರೆ ರೂಮು ಮಾತ್ರ ಹಸಿರು ಮಾರ್ಗದ ಪಕ್ಕದಲ್ಲೇ ಹಿಡಿಯಿರಿ. ಯಶವಂತಪುರ ಅಥವಾ ಮೆಜೆಸ್ಟಿಕ್ ಆದರೆ ರೈಲಿಂದ ಇಳಿದವರಿಗೂ ಸುಲಭ. ಕರ್ನಾಟಕದ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ, ಗುರುತಿನ ಚೀಟಿ ಜೊತೆಗಿರಲಿ.

ನಾನು ಎಲ್ಲರಿಗೂ ಮೊದಲು ಹೇಳುವುದು ಮಲ್ಲೇಶ್ವರ. ಅದನ್ನು ಬೆಳಗ್ಗೆಯೇ ನೋಡಬೇಕು, 7 ಗಂಟೆಯೊಳಗೆ. ಸ್ಯಾಂಡಲ್ ಸೋಪ್ ಫ್ಯಾಕ್ಟರಿಯಿಂದ ಐದನೇ ನಿಲ್ದಾಣ ಸಂಪಿಗೆ ರಸ್ತೆ. ಇಳಿದು ಸುಮ್ನೆ ನಡೆಯಿರಿ. ಅಲ್ಲಿ ದಾರಿ ತಪ್ಪುವುದು ಕಷ್ಟ, ಯಾಕೆಂದರೆ ಸಂಪಿಗೆ ರಸ್ತೆ ಮತ್ತು ಮಾರ್ಗೋಸಾ ರಸ್ತೆ ಅಕ್ಕಪಕ್ಕದಲ್ಲೇ ಉದ್ದಕ್ಕೆ ಸಾಗುತ್ತವೆ, ಕ್ರಾಸ್‌ಗಳ ನಂಬರು ಏರುತ್ತಿದ್ದರೆ ನೀವು ಉತ್ತರಕ್ಕೆ ಹೋಗ್ತಿದ್ದೀರಿ ಅಂತ ಅರ್ಥ. ಏಳನೇ ಕ್ರಾಸ್ ಹತ್ತಿರ ಸಿಟಿಆರ್ ಹೋಟೆಲ್ಲಿನ ಬೆಣ್ಣೆ ಮಸಾಲೆ ದೋಸೆ, ಎಂಟನೇ ಕ್ರಾಸ್‌ನಲ್ಲಿ ಹೂವು ತರಕಾರಿ, ಹದಿನೈದನೇ ಕ್ರಾಸ್‌ನಲ್ಲಿ ವೀಣಾ ಸ್ಟೋರ್ಸ್‌ನ ಇಡ್ಲಿ. ಇಡ್ಲಿಯನ್ನು ಫುಟ್‌ಪಾತ್ ಮೇಲೆ ನಿಂತೇ ತಿನ್ನಬೇಕು, ಅದೇ ಚೆಂದ. ಎರಡೂ ಕಡೆ ಒಂದೇ ದಿನ ತಿನ್ನಬೇಡಿ, ಹೊಟ್ಟೆ ಭಾರವಾದರೆ ಮೊದಲ ಸಿನಿಮಾದಲ್ಲೇ ನಿದ್ದೆ ಬರುತ್ತದೆ. ಹದಿನೇಳನೇ ಶತಮಾನದ ಕಾಡು ಮಲ್ಲೇಶ್ವರ ದೇವಸ್ಥಾನವನ್ನೂ ನೋಡಿ, ಮಲ್ಲೇಶ್ವರಕ್ಕೆ ಹೆಸರು ಬಂದದ್ದೇ ಅದರಿಂದ. ಚಿತ್ರೋತ್ಸವದಲ್ಲಿ ಸೀಟು ಮೊದಲು ಬಂದವರಿಗೆ ಮೊದಲು, ಹಾಗಾಗಿ ಶೋಗೆ ಅರ್ಧ ಗಂಟೆ ಮುಂಚೆ ಕ್ಯೂನಲ್ಲಿರುವ ಹಾಗೆ ವಾಪಸ್ ಹೊರಡಿ.

ಶುಕ್ರವಾರ ಬೆಳಗಿನ ಶೋ ಬಿಡಿ. ಸಿನಿಮಾ ಹುಚ್ಚಿನವರಿಗೆ ಹೀಗೆ ಹೇಳೋದು ಕಷ್ಟ ಅಂತ ಗೊತ್ತು, ಆದರೂ ಬಿಡಿ. ಮೆಜೆಸ್ಟಿಕ್‌ನಲ್ಲಿ ಇಳಿದು ಗಾಂಧಿನಗರಕ್ಕೆ ಹೋಗಿ. ಮೆಜೆಸ್ಟಿಕ್ ಅನ್ನೋದೇ ಅಲ್ಲಿದ್ದ ಒಂದು ಚಿತ್ರಮಂದಿರದ ಹೆಸರು. ಥಿಯೇಟರ್ ಹೋಯಿತು, ಹೆಸರು ಉಳಿಯಿತು. ಬಸ್ ನಿಲ್ದಾಣ ಇರುವ ಜಾಗ ಹಿಂದೆ ಧರ್ಮಾಂಬುಧಿ ಕೆರೆ. ಕೆಂಪೇಗೌಡ ರಸ್ತೆಯ ಸಾಲು ಥಿಯೇಟರ್‌ಗಳಲ್ಲಿ ಎಷ್ಟೋ ಈಗಿಲ್ಲ, 1968ರಲ್ಲಿ ಶುರುವಾದ ದೊಡ್ಡ ಕಪಾಲಿ ಕೂಡ ಇಲ್ಲ. ಉಳಿದಿರುವ ಒಂದರಲ್ಲಿ ಆ ವಾರದ ಕನ್ನಡ ಸಿನಿಮಾಕ್ಕೆ ಟಿಕೆಟ್ ತೆಗೆದುಕೊಳ್ಳಿ. ಕಟೌಟ್‌ಗೆ ಹಾರ, ಹಾಡಿಗೆ ಶಿಳ್ಳೆ, ಪಕ್ಕದ ಸೀಟಿನವರು ಕಥೆಯ ಜೊತೆ ಮಾತಾಡೋದು. ಚಿತ್ರೋತ್ಸವದಲ್ಲಿ ಉಸಿರು ಬಿಗಿಹಿಡಿದು ನೋಡುವ ನಮಗೆ ಇದೂ ಬೇಕು.

ಗಾಂಧಿ ಬಜಾರನ್ನು ಮಾತ್ರ ಶುಕ್ರವಾರಕ್ಕೆ ಇಟ್ಟುಕೊಳ್ಳಬೇಡಿ. ವಿದ್ಯಾರ್ಥಿ ಭವನಕ್ಕೆ ಅವತ್ತು ರಜೆ, ನಾನೊಮ್ಮೆ ಮುಚ್ಚಿದ ಬಾಗಿಲು ನೋಡಿ ಬಂದಿದ್ದೇನೆ. 1943ರಿಂದ ಇರುವ ಹೋಟೆಲ್ಲು, ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಅದೇ ದಾರಿಯಲ್ಲಿ ಮುಂದೆ ದೊಡ್ಡ ಬಸವಣ್ಣ ಇದ್ದಾನೆ. ಸಮಯ ಮಿಕ್ಕರೆ ಬನಶಂಕರಿ ನಿಲ್ದಾಣದಿಂದ ಆಟೋ ಹಿಡಿದು ಸುಚಿತ್ರಾಕ್ಕೆ ಹೋಗಿ ಬನ್ನಿ. 1971ರಲ್ಲಿ ಹುಟ್ಟಿದ ಫಿಲ್ಮ್ ಸೊಸೈಟಿ ಅದು, ಚಿತ್ರೋತ್ಸವದ ಕೆಲವು ಶೋಗಳು ಅಲ್ಲೂ ನಡೆದಿವೆ. ಹಳೆಯ ಪ್ರೇಕ್ಷಕರು ಸಿಕ್ಕರೆ ಮಾತಾಡಿಸಿ. ಯಾವ ಸಿನಿಮಾ ಬಿಡಬಾರದು ಅನ್ನೋದನ್ನ ಅವರಷ್ಟು ಚೆನ್ನಾಗಿ ಇನ್ಯಾರೂ ಹೇಳಲ್ಲ.

ಲಾಲ್‌ಬಾಗ್, ಕಬ್ಬನ್ ಪಾರ್ಕ್ ಚೆನ್ನಾಗಿವೆ, ಆದರೆ ಅವುಗಳ ಬಗ್ಗೆ ಎಲ್ಲರೂ ಹೇಳ್ತಾರೆ.

ಕೊನೆಯ ದಿನ ಲಾಡ್ಜ್‌ನವರನ್ನು ಕೇಳಿ ಬ್ಯಾಗು ಅಲ್ಲೇ ಇಟ್ಟು ಕಂಠೀರವ ಸ್ಟುಡಿಯೋಗೆ ಹೋಗಿ. ಯಶವಂತಪುರದ ಕಡೆಯಿಂದ ಆಟೋದಲ್ಲಿ ಹೋದರೆ ದೂರ ಅಲ್ಲ. ರಾಜ್‌ಕುಮಾರ್, ಪಾರ್ವತಮ್ಮ, ಪುನೀತ್ ಸಮಾಧಿಗಳು ಅಲ್ಲಿವೆ. ದೂರದೂರದ ಊರುಗಳಿಂದ ಬಂದವರು ಮಕ್ಕಳನ್ನು ಎತ್ತಿಕೊಂಡು ನಿಂತಿರುತ್ತಾರೆ. ನಾನು ಪ್ರತಿ ಸಲ ಚಿತ್ರೋತ್ಸವದ ಪಾಸು ಕೊರಳಲ್ಲೇ ಇದ್ದ ಹಾಗೆ ಅಲ್ಲಿಗೆ ಹೋಗಿ, ಅವ್ವನಿಗೆ ಒಂದು ಫೋಟೋ ಕಳಿಸಿ, ಆಮೇಲೆ ರೈಲು ಹತ್ತುತ್ತೇನೆ.