ಹಿಟ್ಟು ತಿಗಣೆಗೆ ಜೀರುಂಡೆ ಬಿಡುವ ಮುನ್ನ

ರಾಯಚೂರಿನ ಹಿತ್ತಲಲ್ಲಿ ದಾಸವಾಳ, ಪೇರಲ, ಸೀತಾಫಲಕ್ಕೆ ರಸ ಹೀರುವ ಬಿಳಿ ಹಿಟ್ಟು ತಿಗಣೆ ಹತ್ತಿದರೆ ಔಷಧಿ ಹೊಡೆದೂ ಹೊಡೆದೂ ಸಾಕಾಗುತ್ತದೆ. ಅದರ ಮೈಮೇಲಿನ ಮೇಣದ ಪುಡಿ ಔಷಧಿಯನ್ನು ಸುಲಭಕ್ಕೆ ಒಳಬಿಡುವುದಿಲ್ಲ. ಹಾಗಾಗಿ ನಾನು ನೆಚ್ಚಿಕೊಂಡಿರುವುದು ಈ ತಿಗಣೆಯನ್ನೇ ತಿನ್ನುವ, ಗುಲಗಂಜಿ ಹುಳುವಿನ ಜಾತಿಯ ಕ್ರಿಪ್ಟೋಲೇಮಸ್ ಜೀರುಂಡೆಯನ್ನು. ಸುಮಾರು 4 ಮಿ.ಮೀ. ಉದ್ದ, ಕಡು ಕಂದು ರೆಕ್ಕೆ, ಕಿತ್ತಳೆ ತಲೆ.

ಮೊದಲ ಕೆಲಸ ಇರುವೆ ತಡೆಯುವುದು. ತಿಗಣೆ ಸುರಿಸುವ ಸಿಹಿ ಅಂಟಿನ ಆಸೆಗೆ ಇರುವೆಗಳು ಅದನ್ನು ಕಾಯುತ್ತವೆ, ಜೀರುಂಡೆಯನ್ನು ಕಚ್ಚಿ ಓಡಿಸುತ್ತವೆ. ಕಾಂಡಕ್ಕೆ ನಾಲ್ಕು ಬೆರಳಗಲದ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ ಅದರ ಮೇಲೆ ಗ್ರೀಸ್ ಸವರುತ್ತೇನೆ. ತೊಗಟೆಗೇ ಸವರಿದರೆ ಗಿಡಕ್ಕೆ ಪೆಟ್ಟು. ಗೋಡೆಗೆ ತಾಗಿದ ಒಂದು ರೆಂಬೆ ಉಳಿದರೂ ಪಟ್ಟಿ ಕಟ್ಟಿದ್ದು ದಂಡ.

ಪೇರಲದಂಥ ಗಿಡಕ್ಕೆ 10ರಿಂದ 20 ಜೀರುಂಡೆ ಸಾಕು. ಬಿಸಿಲು ಇಳಿದ ಮೇಲೆ, ತಿಗಣೆ ಗುಂಪುಗಟ್ಟಿದ ಕಡೆಯೇ ಬಿಡಬೇಕು. 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ನಾನು ಬಿಡುವುದೇ ಇಲ್ಲ. ಬುಡಕ್ಕೆ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಹಾಕಿದ್ದರೆ ಅದು ವಾರಗಟ್ಟಲೆ ಗಿಡದ ರಸದಲ್ಲಿರುತ್ತದೆ, ಆಗಲೂ ಬೇಡ.

ಹೆಚ್ಚಿನವರು ಎಡವುವುದು ಜೀರುಂಡೆಯ ಮರಿಹುಳು ಕಂಡಾಗ. ಅದೂ ಬೆಳ್ಳಗೆ, ಮೈತುಂಬ ಮೇಣದ ಎಳೆ. ತಿಗಣೆಯೇ ದೊಡ್ಡದಾಯಿತೆಂದು ತಿಳಿದು ಹೊಸಕಿಬಿಡುತ್ತಾರೆ. ಕಡ್ಡಿಯಿಂದ ಮುಟ್ಟಿ ನೋಡಿ: ತಿಗಣೆ ಅಂಟಿಕೊಂಡೇ ಇರುತ್ತದೆ, ಮರಿಹುಳು ಸರಸರನೆ ಓಡುತ್ತದೆ. ಹೊಟ್ಟೆಬಾಕತನದಲ್ಲಿ ಜೀರುಂಡೆಗಿಂತ ಈ ಮರಿಯದೇ ಮೇಲುಗೈ. ತಿಗಣೆಯ ಹತ್ತಿಯಂಥ ಮೊಟ್ಟೆಚೀಲ ಬಗೆದು ಒಳಗಿನ ಮೊಟ್ಟೆಗಳನ್ನೇ ಖಾಲಿ ಮಾಡುತ್ತದೆ. ಅದು ಓಡಾಡುವಷ್ಟು ದಿನ ಬೇವಿನೆಣ್ಣೆಯನ್ನೂ ಹೊಡೆಯಬೇಡಿ.

ಈ ಜೀರುಂಡೆ ಆಸ್ಟ್ರೇಲಿಯಾದಿಂದ 1898ರಲ್ಲೇ ಭಾರತಕ್ಕೆ ಬಂದದ್ದು, ಇಲ್ಲಿ ಪರೀಕ್ಷೆಯಾಗಿ ಹಳೆಯದಾಗಿದೆ. ಹೊರಗಿನ ಪ್ರತಿ ಹುಳುವಿಗೂ ಈ ಮಾತು ಸಲ್ಲದು. ಪಾರ್ಥೇನಿಯಂ ಕಳೆ ತಿನ್ನಲೆಂದು 1984ರಲ್ಲಿ ಬಿಟ್ಟ ಮೆಕ್ಸಿಕನ್ ಜೀರುಂಡೆ ಸೂರ್ಯಕಾಂತಿ ಎಲೆಗೂ ಬಾಯಿ ಹಾಕಿದ್ದುಂಟು. ಸೂರ್ಯಕಾಂತಿ ಬೆಳೆಯುವ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರು ಇದನ್ನು ಮರೆಯಬಾರದು. ಯಾವ ಹುಳು, ಎಲ್ಲಿ ಸಾಕಿದ್ದು ಎಂದು ಹೇಳದವರ ಡಬ್ಬಿ ಕೊಳ್ಳಬೇಡಿ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರದವರನ್ನು ಕೇಳಿಯೇ ತರುವುದು ಒಳ್ಳೆಯದು.

ಇನ್ನು, ಒಂದೆರಡು ಕುಡಿಗಷ್ಟೇ ತಿಗಣೆ ಹತ್ತಿದ್ದರೆ ಜೀರುಂಡೆಗೆ ದುಡ್ಡು ಹಾಕಬೇಡಿ. ತಿನ್ನಲು ಸಾಲದಿದ್ದರೆ ಅದು ಹಾರಿಹೋಗುತ್ತದೆ. ಆ ಕುಡಿ ಕತ್ತರಿಸಿ ಸುಟ್ಟು, ಉಳಿದದ್ದಕ್ಕೆ ಪೈಪಿನ ನೀರು ರಭಸವಾಗಿ ಬಿಟ್ಟರೆ ಸಾಕು.